ಬಕ್ಕೇಶನಿಗಿಂತ ಗುತ್ತೆಪ್ಪನೇ ವಾಸಿ

ಚೊರ್ರ್ ಎಂದಿತು ಕಾವಲಿ. ನೀರು ಚಿಮುಕಿಸಿ, ಕಡ್ಡಿಪೊರಕೆಯಿಂದ ಗುಡಿಸಿ, ಹಿಟ್ಟಿನ ಸೌಟು ಎತ್ತಿದ ಬಕ್ಕೇಶ ಎದುರಿಗೆ ನಿಂತ ರಶ್ಮಿಯ ಮಾತು ಕೇಳಿ ಹಾಗೇ ನಿಂತುಬಿಟ್ಟ. ಆ ಸದ್ದು ಕೇಳಿದರೆ ದಾವಣಗೆರೆಯ ಆ ಬೀದಿಯಲ್ಲಿ ಮಲಗಿದವರೂ ಹಸಿದುಕೊಂಡು ಏಳುತ್ತಾರೆ ಎಂಬುದು ಅವನ ನಂಬಿಕೆ. ಇವತ್ತು ಮಾತ್ರ ಅದು ತನ್ನ ಎದೆಯೊಳಗಿಂದಲೇ ಬಂದ ಹಾಗಿತ್ತು.

ಬಕ್ಕೇಶ್: ಬೆಣ್ಣೆ ಇಲ್ದೆ?

ರಶ್ಮಿ: ಬೆಣ್ಣೆ ಇಲ್ದೆ.

ಬಕ್ಕೇಶ್: ಕಮ್ಮಿ ಹಾಕು ಅಂತೀರಾ?

ರಶ್ಮಿ: ಒಂದು ಚೂರೂ ಬ್ಯಾಡ ಬಕ್ಕೇಶಣ್ಣ.

ಬಕ್ಕೇಶ್: ಹೋಗ್ಲಿ, ತುಪ್ಪ?

ರಶ್ಮಿ: ತುಪ್ಪ ಎಲ್ಲಿಂದ ಬರ್ತೈತೆ?

ಬಕ್ಕೇಶ್: ಬೆಣ್ಣೆಯಿಂದ.

ರಶ್ಮಿ: ಮತ್ತೆ?

ಬಕ್ಕೇಶ್: ಯಾರಿಗೆ ಹುಷಾರಿಲ್ಲ ಮೇಡಂ? ಪಥ್ಯದ ಊಟ ಆದ್ರೆ ನಮ್ಮ ಮನೆಯಾಕಿ ಗಂಜಿ ಚಲೋ ಮಾಡ್ತಾಳೆ.

ರಶ್ಮಿ: ಎಲ್ಲರೂ ಗಟ್ಟಿಮುಟ್ಟಾಗೇ ಇದಾರೆ.

ಬಕ್ಕೇಶ್: ಹಂಗಾರೆ ವ್ರತ. ಯಾವ ದೇವರದು?

ರಶ್ಮಿ: ದೇವರದ್ದಲ್ಲ, ದನದ್ದು. ಎಮ್ಮೆ, ನಾಯಿ, ಕೋಳಿ, ಎಲ್ಲರದ್ದೂ. ಪ್ರಾಣಿಗಳಿಂದ ಕಿತ್ಕೊಂಡಿದ್ದು ಏನೂ ತಿನ್ನಲ್ಲ ಅನ್ನೋರ ಊಟ. ಹಾಲಿಲ್ಲ, ಮೊಸರಿಲ್ಲ, ಮೊಟ್ಟೆ ಇಲ್ಲ, ಜೇನೂ ಇಲ್ಲ. ವೀಗನ್ ಅಂತಾರೆ.

ಬಕ್ಕೇಶ್: ಜೇನುಹುಳನೂ ಕಂಪ್ಲೇಂಟ್ ಕೊಟ್ಟೈತಾ?

ರಶ್ಮಿ: ಕೊಡೋಕೆ ಬಾಯಿಲ್ಲ ಅಂತಾನೇ ನಾವು ಮಾತಾಡ್ತಿರೋದು.

ರಶ್ಮಿಗೆ ಹರಿಹರದ ಬ್ಯಾಂಕೊಂದರಲ್ಲಿ ಕೆಲಸ. ಬ್ಯಾಂಕು ಬಿಟ್ಟಮೇಲೆ ಅವಳ ಹೊತ್ತೆಲ್ಲ ಲಾರಿಗೆ ಸಿಕ್ಕಿದ ನಾಯಿ, ಪ್ಲಾಸ್ಟಿಕ್ ನುಂಗಿದ ಹಸು, ಯಾರೋ ಬಿಟ್ಟುಹೋದ ಮುದಿ ಕುದುರೆಗಳ ಜೊತೆ. ಅವುಗಳಿಗೊಂದು ಶೆಡ್ಡು ಕಟ್ಟಿದ್ದಳು. ನಾಲ್ಕು ಗೋಡೆ ಎದ್ದಿದ್ದವು, ಮೇಲೆ ಆಕಾಶವಿತ್ತು. ಮಳೆಗಾಲದೊಳಗೆ ತಗಡು ಹೊದಿಸುವ ದುಡ್ಡು ಕೂಡಿಸಲು ಬರುವ ಭಾನುವಾರ ಹರಿಹರದಲ್ಲಿ ಊಟದ ಮೇಳ. ದೋಸೆಗೆ ಜನ ಬರುತ್ತಾರೆ, ದೋಸೆಯೆಂದರೆ ಬಕ್ಕೇಶ. ಅಷ್ಟು ಸರಳವಾಗಿತ್ತು ಅವಳ ಯೋಚನೆ.

ಬಕ್ಕೇಶನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅಂಗಡಿಯ ಮುಂದೆ ಮಲಗುವ ಕರಿಯ ಎಂಬ ನಾಯಿಯ ಮುರಿದ ಕಾಲನ್ನು ಕೂಡಿಸಿದವಳು ಇವಳೇ. ಕರಿಯ ಈಗ ಸ್ವಲ್ಪ ಕುಂಟಿಕೊಂಡು, ಪದ್ಯದ ಸಾಲಿನಲ್ಲಿ ಒಂದು ಮಾತ್ರೆ ತಪ್ಪಿದ ಹಾಗೆ ನಡೆಯುತ್ತಾನೆ. ಆದರೂ ನಡೆಯುತ್ತಾನೆ.

ರಶ್ಮಿ: ಬ್ಯಾನರ್ ಹೆಂಗಿರ್ಬೇಕು ಅಂತ ಬರ್ಕೊಂಡೇ ಬಂದೀನಿ. ಮೇಲೆ ದೊಡ್ಡದಾಗಿ 'ದಾವಣಗೆರೆ ಬಕ್ಕೇಶ್ ಬೆಣ್ಣೆ ದೋಸೆ', ಕೆಳಗೆ ಸಣ್ಣದಾಗಿ 'ಬೆಣ್ಣೆ ಇರುವುದಿಲ್ಲ'.

ಬಕ್ಕೇಶ್: ಅದು ಬ್ಯಾನರ್ ಅಲ್ಲ ಮೇಡಂ, ತಿಥಿ ಕಾರ್ಡು. ಒಂದು ಫೋಟೋ ಹಾಕಿ ಹಾರ ಹಾಕ್ರಿ, ಸರಿಹೋಗ್ತೈತೆ.

ರಶ್ಮಿ: ಅಷ್ಟಕ್ಕೆಲ್ಲ ಯಾಕ ಹೆದರ್ತೀರಿ?

ಬಕ್ಕೇಶ್: ಈ ಊರಾಗೆ ಹೆಂಡ್ತಿ ಬಿಟ್ಟುಹೋದ್ಲು ಅಂದ್ರೆ ವಾರ ಮಾತಾಡಿ ಬಿಡ್ತಾರೆ. ಬೆಣ್ಣೆ ಬಿಟ್ಟ ಅಂದ್ರೆ ನನ್ನ ಮೊಮ್ಮಗನ ಮದುವೆಯಾಗೂ ಹೇಳ್ತಾರೆ. 'ಹುಡುಗ ಒಳ್ಳೇವ್ನೇ, ಆದ್ರೆ ಅವರಜ್ಜ ನೋಡ್ರಿ...' ಅಂತ.

ರಶ್ಮಿ: ನಾನೇ ಒಂದು ಬೆಣ್ಣೆ ಮಾಡ್ಕೊಂಡು ಬರ್ತೀನಿ. ಶೇಂಗಾ ನುಣ್ಣಗೆ ರುಬ್ಬಿದ್ರೆ ಬೆಣ್ಣೆನೇ ಆಗ್ತೈತೆ.

ಬಕ್ಕೇಶ್: ಅದಕ್ಕೆ ಉಪ್ಪು ಖಾರ ಹಾಕಿದ್ರೆ ಏನಾಗ್ತೈತೆ?

ರಶ್ಮಿ: ಚಟ್ನಿ.

ಬಕ್ಕೇಶ್: ಉಪ್ಪು ಖಾರ ಹಾಕ್ಲಿಲ್ಲ ಅಂದ್ರೆ ಮರೆತುಹೋದ ಚಟ್ನಿ. ಬ್ಯಾಡ. ಗಾಣದ ಶೇಂಗಾ ಎಣ್ಣೆಯಾಗೆ ಹಾಕ್ತೀನಿ. ಆದ್ರೆ ನನ್ನ ಹೆಸರು ಇರಬಾರ್ದು.

ರಶ್ಮಿ: ಹೆಸರಿಲ್ದೆ ಜನ ಹೆಂಗೆ ಬರ್ತಾರೆ?

ಬಕ್ಕೇಶ್: ವಾಸನೆಗೆ ಬರ್ತಾರೆ. ತಲೆಗೆ ಟೊಪ್ಪಿ, ಮುಖಕ್ಕೆ ಮಾಸ್ಕು. ಯಾರಾದ್ರೂ ಕೇಳಿದ್ರೆ ನಾನು ಗುತ್ತೆಪ್ಪ, ಮಾಯಕೊಂಡದವ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ.

ಹೀಗೆ ಭಾನುವಾರ ಬೆಳಿಗ್ಗೆ ಹಿಟ್ಟಿನ ಕೊಳಗ, ಕಾವಲಿ, ಸೌಟುಗಳ ಜೊತೆ ಮಾಯಕೊಂಡದ ಗುತ್ತೆಪ್ಪ ಹರಿಹರಕ್ಕೆ ಬಂದಿಳಿದ. ಹೊಳೆಯ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು. ಶಾಲೆಯ ಅಂಗಳದಲ್ಲಿ ಸಾಲು ಮೇಜುಗಳು: ಮುದ್ದೆ, ಹುರಳಿ ಸಾರು, ಮಂಡಕ್ಕಿ, ಮಿರ್ಚಿ. ಮಂಡಕ್ಕಿ ಮಿರ್ಚಿ ಹುಟ್ಟಿದಾಗಿನಿಂದ ತಮಗೇ ಗೊತ್ತಿಲ್ಲದೆ ವೀಗನ್ ಆಗಿದ್ದವು. ಇವತ್ತು ಚೀಟಿ ಅಂಟಿಸಿಕೊಂಡು ಸ್ವಲ್ಪ ಬೀಗುತ್ತಿದ್ದವು.

ವಾಸನೆ ತನ್ನ ಕೆಲಸ ಮಾಡಿತು. ದೋಸೆಯ ಮುಂದೆ ಸಾಲು ಬೆಳೆಯಿತು. ಮುಂಚೂಣಿಯಲ್ಲಿ ಬೆಳ್ಳಿಕೂದಲಿಗೆ ಸೆರಗು ಹೊದ್ದು, ಛತ್ರಿಯನ್ನು ಬೆತ್ತದ ಹಾಗೆ ಹಿಡಿದಿದ್ದ ಹಜೀರಾಬೀ ಟೀಚರ್. ಹರಿಹರದ ಅರ್ಧ ಊರಿಗೆ ಮಗ್ಗಿ ಕಲಿಸಿ ನಿವೃತ್ತರಾದವರು. ರಶ್ಮಿಯೂ ಅವರಿಂದ ಕಿವಿ ಹಿಂಡಿಸಿಕೊಂಡವಳೇ.

ಹಜೀರಾಬೀ: ಏನಪ್ಪಾ, ನಿನ್ನ ಹೆಸರು?

ಬಕ್ಕೇಶ ತಲೆಯೆತ್ತಿ, ಮೇಲೆ ಕಟ್ಟಿದ್ದ 'ಗುತ್ತೆಪ್ಪನ ದೋಸೆ' ಎಂಬ ಬೋರ್ಡು ನೋಡಿದ.

ಬಕ್ಕೇಶ್: ಗುತ್ತೆಪ್ಪ.

ಹಜೀರಾಬೀ: ನಿನ್ನ ಹೆಸರು ಹೇಳೋಕೆ ಬೋರ್ಡು ಯಾಕ ನೋಡ್ದೆ?

ಬಕ್ಕೇಶ್: ಗಾಳಿಗೆ ಬಿದ್ದುಗಿದ್ದೀತು ಅಂತ.

ಹಜೀರಾಬೀ: ಮುಂಚೆನೇ ಹೇಳಿಬಿಡ್ತೀನಿ, ಬೇಜಾರು ಮಾಡ್ಕಬ್ಯಾಡ. ನಾನು ದೋಸೆ ಅಂತ ತಿಂದ್ರೆ ದಾವಣಗೆರೆ ಬಕ್ಕೇಶಂದೇ. ನಮ್ಮ ಮಗ ಸುಫಿಯಾನ್ ಅಲ್ಲೇ ಮಂಡಿಪೇಟೆ ಅಂಗಡ್ಯಾಗ ಕೆಲಸ ಮಾಡ್ತಾನೆ. ಶನಿವಾರ ಬರೋವಾಗ ತಪ್ಪದೆ ಪಾರ್ಸಲ್ ತರ್ತಾನೆ. ಆ ಬಕ್ಕೇಶನ ಮಾರಿ ನೋಡಿಲ್ಲ, ಆದ್ರೆ ಮನುಷ್ಯ ಭಾಳ ದೊಡ್ಡೋನು.

ಮಾಸ್ಕಿನೊಳಗೆ ಬಕ್ಕೇಶನ ಮುಖ ಅರಳಿ, ಮೂಗಿನ ಮೇಲಿನ ಬಟ್ಟೆ ಜಾರಿತು. ಸರಿಮಾಡಿಕೊಂಡ.

ಬಕ್ಕೇಶ್: ಕೇಳೀನಿ ಅಮ್ಮಾರೆ. ದೇವರಂಥ ಮನುಷ್ಯ ಅಂತೆ.

ಹಜೀರಾಬೀ: ದೇವರು ಗೀವರು ಬ್ಯಾಡ. ದೋಸೆ ಹಾಕು.

ಅವನು ಹಿಟ್ಟು ಹೊಯ್ದು, ಸೌಟಿನ ಬೆನ್ನಿನಿಂದ ದುಂಡಗೆ ಹರಡಿದ. ಅಂಚು ಹೊಂಬಣ್ಣಕ್ಕೆ ತಿರುಗುವವರೆಗೆ, ನಿದ್ದೆಹೋದ ಕೂಸನ್ನು ನೋಡುವಂತೆ ನೋಡಿದ. ಬಲಗೈ ಅಭ್ಯಾಸದಂತೆ ಬೆಣ್ಣೆಯ ಬೋಗುಣಿ ಇರಬೇಕಾದ ಕಡೆ ಹೋಗಿ, ಗಾಳಿಯನ್ನು ಹಿಡಿದು ವಾಪಸು ಬಂತು. ಟೀಚರು ಒಂದು ತುಂಡು ಮುರಿದು ಪಲ್ಯದ ಜೊತೆ ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ತೆರೆದರು.

ಹಜೀರಾಬೀ: ಸುಳ್ಳು ಹೇಳಬಾರ್ದು. ಬಕ್ಕೇಶನಿಗಿಂತ ನಿಂದೇ ವಾಸಿ.

ಬಕ್ಕೇಶ್: ಏನಂದ್ರಿ?

ಹಜೀರಾಬೀ: ನಿನಗೆ ನೂರಕ್ಕೆ ತೊಂಬತ್ತು. ಅವನಿಗೆ ಕೊಟ್ರೆ ಅರವತ್ತು.

ಬಕ್ಕೇಶ್: ಅರವತ್ತಾ? ಯಾಕ ಅರವತ್ತು? ಎಲ್ಲಿ ಕಡಿದ್ರಿ ಮಾರ್ಕ್ಸು?

ಹಜೀರಾಬೀ: ಅವಂದು ಒದ್ದೆ ಕರ್ಚೀಫು ಇದ್ದಂಗೆ ಇರ್ತೈತೆ. ಬೆಣ್ಣೆ ಐತೆ ಅಂತ ಗಂಟಲಾಗೆ ಜಾರ್ತಿತ್ತು, ಅಷ್ಟೇ. ಇದು ನೋಡು, ಕರಂ ಅಂತೈತೆ.

ಬಕ್ಕೇಶ್: ಪಾರ್ಸಲ್ ಯಾವಾಗ ತಿಂತೀರಿ?

ಹಜೀರಾಬೀ: ರಾತ್ರಿ, ನಮಾಜ್ ಮುಗಿಸಿ.

ಬಕ್ಕೇಶ್: ಕಟ್ಟಿಸೋದು?

ಹಜೀರಾಬೀ: ಬೆಳಿಗ್ಗೆ. ಸಂಜೆ ಹೋದ್ರೆ ಸಿಗಲ್ವಂತೆ, ಅಷ್ಟು ಜನ.

ಬಕ್ಕೇಶ್: ಬೆಳಿಗ್ಗೆ ಕಟ್ಟಿದ ದೋಸೆ ರಾತ್ರಿ ಬಿಚ್ಚಿ ಕರಂ ಅನ್ನು ಅಂದ್ರೆ ಹೆಂಗೆ ಅಮ್ಮಾರೆ? ಕಬ್ಬಿಣದ ಹಪ್ಪಳನೂ ಅನ್ನಲ್ಲ. ಅದ್ರಾಗೆ ಬಕ್ಕೇಶನ ತಪ್ಪೇನೈತೆ?

ಹಜೀರಾಬೀ: ನಿನಗ್ಯಾಕ ಅಷ್ಟು ಸಿಟ್ಟು? ನಿನ್ನ ಹೊಗಳಿದ್ರೆ ನನ್ನ ಮೇಲೇ ಹರಿಹಾಯ್ತೀಯಲ್ಲ. ಅವ ನಿನಗೇನಾಗ್ಬೇಕು?

ಬಕ್ಕೇಶ್: ಏನಾಗ್ಬೇಕು... ಹತ್ತಿರದವ.

ಹಜೀರಾಬೀ: ಬೀಗರಾ?

ಬಕ್ಕೇಶ್: ಇನ್ನೂ ಹತ್ತಿರ.

ಹಜೀರಾಬೀ: ಅಣ್ಣನಾ?

ಬಕ್ಕೇಶ್: ಅದಕ್ಕಿಂತನೂ ಹತ್ತಿರ ಅಂತ ತಿಳ್ಕೊಳ್ರಿ.

ಹಜೀರಾಬೀ: ಅವಳಿಜವಳಿ.

ಬಕ್ಕೇಶ ತಲೆ ಆಡಿಸಿದ. ಹೌದೆಂದೋ ಅಲ್ಲವೆಂದೋ ಅವನಿಗೇ ತಿಳಿಯಲಿಲ್ಲ. ಟೀಚರಿಗೆ ಎಲ್ಲವೂ ತಿಳಿಯಿತು. ಅವರು ಸಾಲಿನ ಕಡೆ ತಿರುಗಿ, ಪಾಠ ಶುರುಮಾಡುವ ದನಿಯಲ್ಲಿ ಹೇಳಿದರು.

ಹಜೀರಾಬೀ: ನೋಡ್ರಿ, ಒಟ್ಟಿಗೆ ಹುಟ್ಟಿದೋರು. ಒಬ್ಬ ದಾವಣಗೆರೆಯಾಗೆ ಬೆಣ್ಣೆಯಾಗೆ ಈಜಾಡ್ತಾನೆ, ಇನ್ನೊಬ್ಬಗೆ ದೋಸೆಗೆ ಹಚ್ಚೋಕೂ ಬೆಣ್ಣೆ ಇಲ್ಲ.

ಬಕ್ಕೇಶ್: ಬೆಣ್ಣೆ ಇಲ್ದಿರೋದು ಬಡತನಕ್ಕಲ್ಲ ಅಮ್ಮಾರೆ, ದನಕ್ಕೋಸ್ಕರ.

ಹಜೀರಾಬೀ: ದನಾನೂ ಅವನೇ ಇಟ್ಕೊಂಡ್ನಾ?

ಸಾಲಿನಲ್ಲಿ ಲೊಚಗುಟ್ಟುವ ಸದ್ದು ಎದ್ದಿತು. ಯಾರೋ ಬಕ್ಕೇಶನಿಗೆ ಒಳ್ಳೇದಾಗಲ್ಲ ಅಂದರು. ಇನ್ಯಾರೋ ಅವನ ಚಟ್ನಿಯೂ ಈಗೀಗ ನೀರು ಅಂದರು. ಈ ಕೊನೆಯ ಮಾತು ಬಕ್ಕೇಶನಿಗೆ ಕಾವಲಿಯ ಮೇಲೆ ಕೈಯಿಟ್ಟಷ್ಟು ಉರಿಯಿತು. ಗದ್ದಲ ಕೇಳಿ ರಶ್ಮಿ ಹಣದ ಡಬ್ಬಿ ಎದೆಗವಚಿಕೊಂಡು ಓಡಿಬಂದಳು.

ಹಜೀರಾಬೀ: ಬಾ ರಶ್ಮಿ. ನಮ್ಮ ಮನೆ ಮುಂದಿನ ಅಂಗಡಿ ಖಾಲಿ ಬಿದ್ದೈತಲ್ಲ, ಅದನ್ನ ಈ ಗುತ್ತೆಪ್ಪಗೆ ಕೊಡ್ತೀನಿ. ನನಗೆ ಬಾಡಿಗೆ ಬ್ಯಾಡ. ಬಾಡಿಗೆ ದುಡ್ಡು ನಿನ್ನ ಶೆಡ್ಡಿಗೆ ಕೊಡ್ಲಿ. ಮೊದಲು ತಗಡು, ಆಮೇಲೆ ಔಷಧಿ.

ರಶ್ಮಿಯ ಕಣ್ಣಲ್ಲಿ ತಗಡಿನ ಮೇಲೆ ಬೀಳುವ ಮಳೆ ಕಂಡಿತು. ಅದರ ಕೆಳಗೆ ಒಣಗಿದ ನೆಲ, ಅಲ್ಲಿ ಮುದುಡಿ ಮಲಗಿದ ಜೀವಗಳು ಕಂಡವು. ಅವಳು ಮೆಲ್ಲಗೆ ಬಕ್ಕೇಶನ ಪಕ್ಕಕ್ಕೆ ಸರಿದಳು.

ರಶ್ಮಿ: ಒಪ್ಕೊಳ್ರಿ ಗುತ್ತೆಪ್ಪಣ್ಣ.

ಬಕ್ಕೇಶ್: ನೀವೂ ಗುತ್ತೆಪ್ಪಣ್ಣ ಅಂತೀರಾ?

ರಶ್ಮಿ: ಜನ ಅದಾರೆ, ಮೆತ್ತಗೆ ಮಾತಾಡ್ರಿ.

ಬಕ್ಕೇಶ್: ಇಷ್ಟು ದಿನ ಬೆವರು ಸುರಿಸಿ ಹೆಸರು ಮಾಡಿದೋನು ನಾನು. ಬೆಳಿಗ್ಗೆ ಹುಟ್ಟಿದ ಈ ಗುತ್ತೆಪ್ಪಗೆ ತೊಂಬತ್ತು, ನನಗೆ ಅರವತ್ತು. ಮ್ಯಾಲೆ ದನ ಕದ್ದ ಅಪವಾದ.

ರಶ್ಮಿ: ಎರಡೂ ಮಾರ್ಕ್ಸು ನಿಮ್ಮವೇ ಅಲ್ವಾ?

ಬಕ್ಕೇಶ್: ಅದು ನನಗೆ ಗೊತ್ತು, ನಿಮಗೆ ಗೊತ್ತು. ಅಮ್ಮಾರಿಗೆ ಗೊತ್ತೈತಾ?

ಹಾಗೆಂದವನೇ ಟೊಪ್ಪಿ ತೆಗೆದ, ಮಾಸ್ಕು ಕಿತ್ತ. ಬೆವರಿದ ಮುಖವನ್ನು ಹೊಳೆಯ ಗಾಳಿ ತಟ್ಟಿತು. ಊರೆಲ್ಲ ನೋಡಲಿ ಎಂಬಂತೆ ಎದೆಯುಬ್ಬಿಸಿ ನಿಂತ.

ಬಕ್ಕೇಶ್: ನೋಡ್ರಿ ಅಮ್ಮಾರೆ. ಅಣ್ಣನೂ ಇಲ್ಲ, ಅವಳಿಜವಳಿನೂ ಇಲ್ಲ. ನಾನೇ ದಾವಣಗೆರೆ ಬಕ್ಕೇಶ.

ಟೀಚರು ಅವನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು.

ಹಜೀರಾಬೀ: ಹಾಜರಿ ಕೂಗೋವಾಗ ಬ್ಯಾರೇರ ಹೆಸರಿಗೆ 'ಬಂದೀನಿ ಟೀಚರ್' ಅನ್ನೋ ಹುಡುಗರನ್ನ ಭಾಳ ನೋಡೀನಪ್ಪ ನಾನು.

ಬಕ್ಕೇಶ್: ದೇವರಾಣೆ ನಾನೇ.

ಹಜೀರಾಬೀ: ಬಕ್ಕೇಶ ಬೆಣ್ಣೆ ಇಲ್ದೆ ದೋಸೆ ಹಾಕ್ತಾನಾ? ಕತ್ತಿ ಹಿಡಿದ್ರೂ ಹಾಕಲ್ಲ. ನಿನಗೆ ಅನ್ಯಾಯ ಆಗೈತೆ, ಒಪ್ಪಿದೆ. ಹಂಗಂತ ಅವನ ಹೆಸರು ಕೆಡಿಸೋಕೆ ಹೋಗಬ್ಯಾಡ. ಅರವತ್ತು ಕೊಟ್ರೂ ಅವನು ನನ್ನ ಬಕ್ಕೇಶ.

ಬಕ್ಕೇಶನ ಹೆಸರಿಗೆ ಏನೂ ಆಗಿರಲಿಲ್ಲ. ಅದು ಎಷ್ಟು ಭದ್ರವಾಗಿತ್ತೆಂದರೆ, ಒಳಗೆ ಹೋಗಲು ಅವನಿಗೇ ಬಾಗಿಲು ಸಿಗುತ್ತಿರಲಿಲ್ಲ.

ಬಕ್ಕೇಶ್: ಮೇಡಂ, ನೀವಾದ್ರೂ ಹೇಳ್ರಿ.

ರಶ್ಮಿ: ಹೌದು ಟೀಚರ್, ಇವ್ರು ಬಕ್ಕೇಶಣ್ಣನೇ.

ಹಜೀರಾಬೀ: ನೀನು ಚಂದಾ ಎತ್ತೋಳು ತಾಯಿ. ಇವತ್ತು ಯಾರು ಏನಂದ್ರೂ ಹೂಂ ಅಂತೀಯ.

ಹಿಟ್ಟಿನ ಕೊಳಗ ಬರಿದಾಗಿತ್ತು. ತಳದಲ್ಲಿ ಉಳಿದದ್ದನ್ನು ಬಳಿದು ಬಕ್ಕೇಶ ಕೊನೆಯ ದೋಸೆ ಹಾಕಿ ಟೀಚರ ಎಲೆಗೆ ಬಡಿಸಿದ. ಅವರು ಅದನ್ನು ಮುರಿದಾಗ ಬಂದ ಸದ್ದಿಗೆ, ಬೇಡವೆಂದರೂ ಅವನ ಎದೆ ತುಂಬಿತು. ಬೆಣ್ಣೆಯ ಹೊದಿಕೆ ಇಲ್ಲದೆ ತನ್ನ ದೋಸೆ ಅಷ್ಟು ಜೋರಾಗಿ ಮಾತಾಡುವುದನ್ನು ಅವನೂ ಕೇಳಿರಲಿಲ್ಲ. ಮಾಸ್ಕನ್ನು ಕೊಡವಿ ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

ಬಕ್ಕೇಶ್: ಆಯ್ತು ಅಮ್ಮಾರೆ. ದಿನಾ ಆಗಲ್ಲ. ಭಾನುವಾರ ಭಾನುವಾರ ಗುತ್ತೆಪ್ಪ ನಿಮ್ಮ ಅಂಗಡಿಗೆ ಬರ್ತಾನೆ. ಬಾಡಿಗೆ ಮೇಡಂಗೆ.

ರಶ್ಮಿ ಡಬ್ಬಿಯನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ಬಕ್ಕೇಶ ಸೌಟನ್ನು ಅವಳ ಕೈಗಿತ್ತು, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಗೇಟಿನ ಕಡೆ ಹೊರಟ.

ರಶ್ಮಿ: ಕಾವಲಿ ಇನ್ನೂ ಬಿಸಿ ಐತೆ, ಎಲ್ಲಿಗೆ ಹೊರಟ್ರಿ?

ಬಕ್ಕೇಶ್: ದಾವಣಗೆರೆಗೆ. ಬಕ್ಕೇಶನ ಅಂಗಡಿಗೆ.

ಹಜೀರಾಬೀ: ಜಗಳಕ್ಕಾ?

ಬಕ್ಕೇಶ್: ಹೂಂ. ಇನ್ಮೇಲೆ ಪಾರ್ಸಲ್ ಕಟ್ಟಿದ್ರೆ ನಿನ್ನ ಕೈ ಮುರೀತೀನಿ ಅಂತ ಅವನಿಗೆ ಹೇಳಿ ಬರ್ತೀನಿ.

ಹಜೀರಾಬೀ: ಹೊಡೆದಾಟ ಬ್ಯಾಡಪ್ಪ, ಒಂದೇ ರಕ್ತ ನಿಮ್ಮದು. ಅಣ್ಣಾ ಅಂತ ಕಾಲು ಮುಟ್ಟು, ಆಮೇಲೆ ನಿಧಾನಕ್ಕೆ ದನದ ವಿಷಯ...

ಗುತ್ತೆಪ್ಪ ಆಗಲೇ ಗೇಟು ದಾಟಿದ್ದ.