ಕುಗ್ಗಿದ ಕಮಾನು

ಲಲಿತಾಬಾಯಿ: ಮದುಮಗಳ ಸೋದರಮಾವ ಬಸ್ಸಿನಾಗ ನಿಂತ್ಕೊಂಡು ಬರಬೇಕೇನ್ರಿ?

ಹಾವಗೆಪ್ಪ: ನಿಂತ್ಕೊಂಡು ಯಾಕ, ಕುಂತೇ ಬರ್ಲಿ. ಮುಂಜಾನಿ ಜಾಗ ಸಿಗ್ತದ.

ಲಲಿತಾಬಾಯಿ: ಮದಿವಿ ಮನಿಂದು, ವ್ಯಾನು ಮನಿಂದು, ಮಾವ ಮಾತ್ರ ಬಸ್ಸಿಂದೇನು?

ಬೀದರಿನ ಆ ಇಳಿಜಾರು ಓಣಿಯಲ್ಲಿ, ಮನೆಯ ಮುಂದೆ, ಜಗಳಕ್ಕೆ ಕಾರಣವಾದ ವ್ಯಾನು ಹಿಂಭಾಗ ಊರಿಕೊಂಡು ನಿಂತಿತ್ತು. ನಿಜಾಮರ ಕಾಲದಲ್ಲಿ ಕೊಂಡದ್ದು. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಅದು ಊರೂರಿನ ಜನರನ್ನು ಹತ್ತಿಸಿಕೊಂಡು ಔರಾದಿಗೆ ಹೋಗಿ ಬರುವುದನ್ನು ಬಿಟ್ಟಿರಲಿಲ್ಲ. ಈಚೆಗೆ ಹಿಂದಿನ ಕಮಾನು, ಅಂದರೆ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, ಕುಗ್ಗಿ, ಗುಂಡಿ ಬಂದಲ್ಲೆಲ್ಲ ಟೈರು ಮೈಗೆ ಉಜ್ಜುತ್ತಿತ್ತು. ಮರುದಿನ ಮಗಳ ಮದುವೆಗೆ ಇದರಲ್ಲೇ ಕಮಲನಗರಕ್ಕೆ ಹೋಗಬೇಕು. ಹಾವಗೆಪ್ಪ ರೋಗ ಯಾವುದೆಂದು ಆಗಲೇ ಕಂಡುಹಿಡಿದಿದ್ದ: ಹೆಂಡತಿಯ ಅಣ್ಣ, ಭಾಲ್ಕಿಯ ಮಲ್ಲಿಕಾರ್ಜುನಪ್ಪ. ಆತ ಭಾರೀ ಮೈಯ ಆಳು. ಈಗ ಒಳಗೆ ಊಟಕ್ಕೆ ಕುಳಿತಿದ್ದ, ಅದೂ ಹಾವಗೆಪ್ಪನ ಪಾಲಿಗೆ ಒಂದು ಪುರಾವೆಯೇ.

ಮಿಸ್ತ್ರಿ ಗೌಸೋದ್ದೀನ ವ್ಯಾನಿನ ಕೆಳಗಿನಿಂದ ತೆವಳಿ ಹೊರಬಂದ.

ಗೌಸೋದ್ದೀನ: ಕಮಾನಿನ ಪಟ್ಟಿ ಒಂದೂ ಮುರಿದಿಲ್ಲ ಹಾವಗೆಪ್ಪಣ್ಣ. ಬೋಲ್ಟು ಬಿಗಿ ಅವ. ಟೈರಿನಾಗ ಹವಾ ಅದ.

ಹಾವಗೆಪ್ಪ: ಮತ್ತ ಕುಂತದ್ದು ಯಾಕ?

ಗೌಸೋದ್ದೀನ: ವಯಸ್ಸಾಗ್ಯಾದ. ರಾಜ್ಯ ಹೊಸಾದು ಬಂತು, ಕಮಾನು ಹಳೇದೇ ಅದಲ್ಲ.

ಹಾವಗೆಪ್ಪ: ದಸರಾ ತನಕ ನೆಟ್ಟಗಿತ್ತು. ಇವಳ ಅಣ್ಣಾರು ಭಾಲ್ಕಿಯಿಂದ ಹಿಂದ ಕುಂತು ಬಂದ್ರು ನೋಡು, ಅವತ್ತಿಂದ ಮ್ಯಾಲ ಏಳವಲ್ದು.

ಲಲಿತಾಬಾಯಿ: ಅವತ್ತು ಅವನ ಸಂಗಟ ತೊಗರಿ ಚೀಲಾನೂ ಹಾಕಿದ್ರಿ. ಅದೂ ಹೇಳ್ರಿ ಸಾಬರಿಗೆ.

ಹಾವಗೆಪ್ಪ: ತೊಗರಿ ಇಳದು ಹೋಯ್ತಲ್ಲ.

ಲಲಿತಾಬಾಯಿ: ಅಣ್ಣನೂ ಇಳದು ಹೋದ. ಅವನೇನು ಇಲ್ಲೀ ತನಕ ಅದರಾಗೇ ಕುಂತಾನ?

ಗೌಸೋದ್ದೀನ ನಗು ತಡೆಯಲು ಬೋಲ್ಟು ಬಿಗಿಯುವ ಪಾನಾ ಒರೆಸತೊಡಗಿದ. ಒಮ್ಮೆ ಬಗ್ಗಿದ ಕಮಾನು ಬಗ್ಗಿಯೇ ಇರುತ್ತದೆಂದು ಹಾವಗೆಪ್ಪ ದೊಡ್ಡ ವಿವರಣೆ ಶುರುಮಾಡಿದ. ಲಲಿತಾಬಾಯಿ ಅದನ್ನು ಅರ್ಧಕ್ಕೇ ನಿಲ್ಲಿಸಿದಳು. ಅಪ್ಪ ಹೋದ ಮೇಲೆ ತವರೆಂದರೆ ಅವಳಿಗೆ ಅಣ್ಣನೊಬ್ಬನೇ. ಅವನ ಭಾರಕ್ಕೇ ಕಮಾನು ಕುಗ್ಗಿತೆಂಬ ಮಾತು ಅವಳಿಗೆ ನಿಜವಾಗಿಯೂ ನೋವು ತಂದಿತ್ತು.

ಲಲಿತಾಬಾಯಿ: ಅಣ್ಣ ಕೂಡಲಿಲ್ಲಂದ್ರ ನಾನೂ ಕೂಡಂಗಿಲ್ಲ. ಮಗಳನ್ನ ನೀವೊಬ್ಬರೇ ಕರ್ಕೊಂಡು ಹೋಗ್ರಿ. ಬೀಗರು ಕೇಳಿದ್ರ, ತಾಯಿಗಿಂತ ಕಮಾನು ದೊಡ್ಡದಂತ ಹೇಳ್ರಿ.

ಅಷ್ಟರಲ್ಲಿ ಮಲ್ಲಿಕಾರ್ಜುನಪ್ಪ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಗೋಡೆ ತೆಳ್ಳಗಿತ್ತು, ಎಲ್ಲ ಕೇಳಿಸಿತ್ತು.

ಮಲ್ಲಿಕಾರ್ಜುನಪ್ಪ: ನನ್ನ ಸಲುವಾಗಿ ಜಗಳ ಬ್ಯಾಡ ತಂಗಿ. ನಾ ಬಸ್ಸಿಗೇ ಬರ್ತೀನಿ. ಬಸ್ಸಿನ ಕಮಾನು ಕುಗ್ಗಿದ್ರ ಸರ್ಕಾರ ನೋಡ್ಕೋತದ.

ಹೀಗೆ ಹೇಳಿ ಆತ ನಕ್ಕು, ಮೆಟ್ಟಿಲಿಳಿದು, ವ್ಯಾನಿನ ಹಿಂದೆ ಓಣಿಯ ತಗ್ಗಿನ ಕಡೆಗಿದ್ದ ಕಟ್ಟೆಯ ಮೇಲೆ ಕುಳಿತ. ಲಲಿತಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾವಗೆಪ್ಪ ಆಕಾಶ ನೋಡಿದ.

ಗೌಸೋದ್ದೀನ: ಒಂದು ಮಾತು ಕೇಳ್ತೀನಿ. ಅಣ್ಣಾರು ಕಟ್ಟಿ ಮ್ಯಾಲ ಕುಂತಾರ. ನೀವಿಬ್ಬರೂ ಕೆಳಗ ನಿಂತೀರಿ. ಖಾಲಿ ವ್ಯಾನು ಈಗ ಯಾರ ಭಾರಕ್ಕ ಕುಂತದ?

ಗೌಸೋದ್ದೀನ ಒಳಗೆ ಹತ್ತಿ, ಹಿಂದುಗಡೆ ಇದ್ದ ಹೆಂಗಸರ ಸೀಟನ್ನು ಎತ್ತಿದ. ಕೆಳಗೆ ಕಲ್ಲು. ಒಂದರ ಮೇಲೊಂದು, ಸಂದಿಯಿಲ್ಲದಂತೆ ಕಲ್ಲು. ಬೀದರಿನ ಕೆಂಪು ಕಲ್ಲೂ ಇತ್ತು, ಔರಾದಿನ ಕರಿಕಲ್ಲೂ ಇತ್ತು.

ಗೌಸೋದ್ದೀನ: ಊರಾಗ ಒಂದು ಕಿಲ್ಲೆ ಅದಲ್ಲ. ನೀವು ಇನ್ನೊಂದು ಕಟ್ಟಸೋರಿದ್ರೇನು?

ಹಾವಗೆಪ್ಪ: ಬ್ರೇಕು ನಿಲ್ಲಂಗಿಲ್ಲ ಅಂತ ನಿಂತಲ್ಲೆಲ್ಲ ಗಾಲಿಗೆ ಕಲ್ಲು ಕೊಡ್ತೀನಿ. ಹೊಂಟಾಗ ರಸ್ತಾದಾಗ ಬಿಟ್ರ ಯಾರದಾರ ಎತ್ತಿನ ಕಾಲಿಗೆ ಬಡೀತದ, ಪಾಪ. ಅದಕ್ಕ ಹಿಂದಿನ ಕಿಡಕಿಯಿಂದ ಒಳಗ ಹಾಕ್ತೀನಿ.

ಲಲಿತಾಬಾಯಿ: ಮುಂದಿನ ಊರಾಗ ಅದನ್ನೇ ತಗೀಬೇಕಲ್ಲ?

ಹಾವಗೆಪ್ಪ: ಅದು ಜಾರಿ ಹೆಣ್ಣಮಕ್ಕಳ ಸೀಟಿನ ಕೆಳಗ ಹೋಗಿರ್ತದ. ಅವರು ಕುಂತಾಗ ಅಲ್ಲಿ ಕೈ ಹ್ಯಾಂಗ ಹಾಕಲಿ? ಮರ್ಯಾದಿ ಬ್ಯಾಡೇನು? ಇನ್ನೊಂದು ಹುಡುಕ್ತೀನಿ.

ಲಲಿತಾಬಾಯಿ: ಎತ್ತಿಗೂ ಮರ್ಯಾದಿ ಅದ, ಊರ ಹೆಣ್ಣಮಕ್ಕಳಿಗೂ ಅದ. ನಮ್ಮ ಅಣ್ಣಗ ಮಾತ್ರ ಇಲ್ಲ.

ಹಾವಗೆಪ್ಪ ಕಲ್ಲು ಇಳಿಸಲು ನಿಂತ. ಗೌಸೋದ್ದೀನನೂ ಕೈ ಹಚ್ಚಿದ. ಮನೆಯ ಬಾಗಿಲಲ್ಲಿ ರಾಶಿ ಬೆಳೆದಂತೆ ವ್ಯಾನಿನ ಬೆನ್ನು ಮೇಲೇಳುತ್ತ ಬಂತು. ಇಷ್ಟೊತ್ತು ಕಮಾನನ್ನು ಕೂಲಂಕಷವಾಗಿ ಪರೀಕ್ಷಿಸಿದ್ದ ಗೌಸೋದ್ದೀನ, ಹುರುಪಿನಲ್ಲಿ ಕೊನೆಯ ಕಲ್ಲನ್ನೂ ಎತ್ತಿ ರಾಶಿಗೆ ಹಾಕಿದ. ಅದು ಸೀಟಿನ ಕೆಳಗಿನದಲ್ಲ, ಗಾಲಿಯ ಹಿಂದಿನದು.

ವ್ಯಾನು ಮೆಲ್ಲಗೆ ಹಿಂದಕ್ಕೆ ಸರಿಯಿತು. ಹಾವಗೆಪ್ಪ ಮುಂದಿನ ಬಂಪರ್ ಹಿಡಿದು ಜಗ್ಗಿದ. ವ್ಯಾನು ಅವನನ್ನೂ ಕರೆದುಕೊಂಡು ಹೊರಟಿತು. ಇಷ್ಟು ಊರುಗಳ ಕಲ್ಲೆಲ್ಲ ಬಾಗಿಲಲ್ಲಿ, ಗಾಲಿಗೆ ಒಂದೂ ಇಲ್ಲ. ಮಲ್ಲಿಕಾರ್ಜುನಪ್ಪ ಕಟ್ಟೆಯಿಂದ ಎದ್ದ, ಧೋತರ ಎತ್ತಿ ಕಟ್ಟಿದ, ವ್ಯಾನಿಗೆ ಬೆನ್ನು ಕೊಟ್ಟು ನಿಂತ. ವ್ಯಾನು ಅಲ್ಲಿಗೇ ನಿಂತಿತು.

ಗೌಸೋದ್ದೀನ ಓಡಿ ಕಲ್ಲು ತಂದು ಗಾಲಿಗೆ ಕೊಟ್ಟ. ಹಾವಗೆಪ್ಪ ಬಂಪರ್ ಬಿಟ್ಟು, ಟೊಪ್ಪಿಗೆ ಸರಿ ಮಾಡಿಕೊಂಡು, ಹೆಂಡತಿಯ ಅಣ್ಣನ ಎದುರು ಬಂದ.

ಹಾವಗೆಪ್ಪ: ಅಣ್ಣಾರ, ತಪ್ಪಾಯ್ತು. ನಾಳಿ ಮುಂದಿನ ಸೀಟಿನಾಗ ನನ್ನ ಬಾಜೂಕ ಕೂಡ್ರಿ.

ಮಲ್ಲಿಕಾರ್ಜುನಪ್ಪ: ಮತ್ತ ಕಮಾನು?

ಹಾವಗೆಪ್ಪ: ಕಮಾನಿಗೇನಾಗ್ಯಾದ? ಗಟ್ಟಿ ಅದ. ನೀವು ಬರಲೇಬೇಕು.

ಲಲಿತಾಬಾಯಿ: ಕೂಡು ಅಣ್ಣಾ, ಆದ್ರ ಹುಷಾರಿ. ವ್ಯಾನು ನಿಂತಲ್ಲೆಲ್ಲ ಇವರು ನಿನ್ನ ಇಳಿಸಿ ಗಾಲಿಗೆ ಕೊಡ್ತಾರ. ಹೊಂಟಾಗ ಸೀಟಿನ ಕೆಳಗ ಹಾಕ್ತಾರ.