‘ಓ’ ಎಂದರೆ ಓಟಿ, ‘ಪೌ’ ಎಂದರೆ?

ಕತ್ತರಿ ಮಾಸ್ತರರ ಮನೆಯಲ್ಲಿ ಫ್ರಿಜ್ಜು ಕೂಡ ಲಾಡಿ ಕಟ್ಟಿಕೊಂಡು ನಿಂತಿತ್ತು. ಬಾಗಿಲು ಹಾಕಿದರೆ ಹಾಕಿಕೊಂಡಿರುವ ಸೌಜನ್ಯವನ್ನು ಅದು ಬಿಟ್ಟು ಎರಡು ವರ್ಷವಾಗಿತ್ತು. ಹಾಲು ಬೇಕಾದರೆ ಗಂಟು ಬಿಚ್ಚಬೇಕು, ಹಾಲು ಇಟ್ಟಮೇಲೆ ಗಂಟು ಹಾಕಬೇಕು. ಅವಸರದಲ್ಲಿ ಅದು ಕಗ್ಗಂಟಾದರೆ ಅವತ್ತು ಮನೆಮಂದಿಗೆಲ್ಲ ಹಾಲಿಲ್ಲದ ಚಹಾ.

“ಊರಿನ ಮಕ್ಕಳಿಗೆಲ್ಲ ಯೂನಿಫಾರಂ ಕತ್ತರಿಸ್ತೀರಿ, ನಮ್ಮನೆ ಫ್ರಿಜ್ಜಿಗೆ ಮಾತ್ರ ಲಂಗದ ಲಾಡಿ!” ಎಂದಳು ಹೆಂಡತಿ, ಗಂಟನ್ನು ಹಲ್ಲಿನಿಂದ ಎಳೆಯುತ್ತ. “ಆ ಓಟಿ ದುಡ್ಡು ಏನಾಯ್ತು ರೀ?”

“ಮಾಲೀಕರು ನೋಡೋಣ ಅಂದಿದಾರೆ ಕಣೇ.”

“ಎರಡು ತಿಂಗಳಿಂದ ಏನು ನೋಡ್ತಿದಾರೆ? ದೂರದರ್ಶಕ ಕೊಡಿಸ್ಲಾ?”

ಶಾಲೆಗಳು ತೆರೆಯುವ ಮುಂಚಿನ ಎರಡು ತಿಂಗಳು ಮಾಸ್ತರರು ಬಟ್ಟೆ ಕತ್ತರಿಸುವ ಹೊಲಿಗೆ ಕಾರ್ಖಾನೆಗೆ ಸುಗ್ಗಿಯ ಕಾಲ. ಆರಕ್ಕೆ ಮುಗಿಯಬೇಕಾದ ಕೆಲಸ ಒಂಬತ್ತಕ್ಕೆ ಮುಗಿಯುತ್ತಿತ್ತು. ಆ ಮೂರು ಗಂಟೆಯ ಓವರ್‌ಟೈಮಿಗೆ, ಅಂದರೆ ಓಟಿಗೆ, ಮಾಲೀಕರು ಈವರೆಗೆ ಕೊಟ್ಟದ್ದು ಅರ್ಧ ಲೋಟ ಚಹಾ ಮತ್ತು ಪೂರ್ತಿ ಆಶ್ವಾಸನೆ.

ಹೀಗಿರುವಾಗ ಕರೆಂಟು ಬಿಲ್ಲು ಕಟ್ಟಲು ಹೋದ ಹೆಂಡತಿ ಅದೇ ಕಟ್ಟಡದ ಮಹಡಿಯಲ್ಲಿ ಕಾರ್ಮಿಕ ಇಲಾಖೆಯ ಫಲಕವನ್ನು ಕಂಡಳು. ನಿಗದಿತ ವೇಳೆ ಮೀರಿ ದುಡಿಸಿಕೊಂಡರೆ ದುಪ್ಪಟ್ಟು ಕೂಲಿ ಕೊಡಬೇಕು, ಕೊಡದಿದ್ದರೆ ಇಲ್ಲಿ ದೂರು ಕೊಡಬಹುದು ಎಂದು ಅಲ್ಲಿ ಬರೆದಿತ್ತು. ಅವಳು ಅದನ್ನು ಎರಡು ಸಲ ಓದಿದಳು (ದುಪ್ಪಟ್ಟು ಅಲ್ಲವೇ). ಮನೆಗೆ ಬರುವಾಗ ಅವಳ ಕೈಯಲ್ಲಿ ಬಿಲ್ಲಿನ ರಸೀದಿಯ ಜೊತೆಗೆ ದೂರಿನ ಅರ್ಜಿಯೂ ಇತ್ತು.

“ನನ್ನ ಹತ್ರ ಸಾಕ್ಷಿ ಇದೆ,” ಎಂದು ಅಡುಗೆಮನೆಯ ಗೋಡೆಯತ್ತ ಕೈ ತೋರಿಸಿದಳು.

ಮಾಸ್ತರರು ಚಟ್ಟನೆ ಎದ್ದು ಗೋಡೆಗೆ ಅಡ್ಡ ನಿಂತರು.

ಗೋಡೆಯ ಮೇಲಿದ್ದುದು ಕ್ಯಾಲೆಂಡರು. ಮನೆಯ ಸಕಲ ಚರಿತ್ರೆಯೂ ಅದರಲ್ಲಿ ದಾಖಲಾಗುತ್ತಿತ್ತು: ಹಾಲಿನ ಲೆಕ್ಕ, ಗ್ಯಾಸು ಬಂದ ದಿನ, ಪಕ್ಕದ ಮನೆಯಾಕೆ ಸಕ್ಕರೆ ಒಯ್ದ ದಿನ, ತಂದುಕೊಡದೆ ಹೋದ ದಿನಗಳು. ಗಂಡ ಓಟಿ ಎಂದು ತಡವಾಗಿ ಬಂದ ದಿನ ಒಂದು ‘ಓ’ ಮತ್ತು ಬಂದ ಗಂಟೆ. ಎರಡು ತಿಂಗಳಲ್ಲಿ ಒಟ್ಟು ನಲವತ್ತೊಂದು ‘ಓ’.

ತೊಂದರೆ ಇಷ್ಟೇ: ಕಾರ್ಖಾನೆಯಲ್ಲಿ ಮಾಸ್ತರರು ನಿಜವಾಗಿ ಓಟಿ ಮಾಡಿದ್ದು ಇಪ್ಪತ್ತೆರಡು ದಿನ. ಉಳಿದ ಹತ್ತೊಂಬತ್ತು ಸಂಜೆ ಅವರು ಕ್ಷೌರಿಕ ಗೆಳೆಯನ ಅಂಗಡಿಯಲ್ಲಿ, ಹಿಂದಕ್ಕೆ ಬಾಗುವ ಕುರ್ಚಿಯಲ್ಲಿ, ಮುಖದ ಮೇಲೆ ಟವೆಲ್ ಹೊದ್ದು ನಿದ್ದೆ ಮಾಡಿದ್ದರು. ಸೋಮಾರಿತನ ಎನ್ನಬೇಡಿ, ಅದು ಆತ್ಮರಕ್ಷಣೆ. ಬೇಗ ಮನೆಗೆ ಹೋದರೆ ಅಕ್ಕಪಕ್ಕದವರ ಪರದೆ, ದಿಂಬಿನ ಕವರು, ಉದ್ದವಾದ ಪ್ಯಾಂಟುಗಳು ಹೊಲಿಗೆ ಯಂತ್ರದ ಮೇಲೆ ಗುಡ್ಡವಾಗಿ ಕಾದಿರುತ್ತಿದ್ದವು. “ನಮ್ಮನೆಯವರಿದಾರಲ್ಲ, ಹೊಲಿದುಕೊಡ್ತಾರೆ ಬಿಡಿ, ದುಡ್ಡೇನೂ ಬೇಡ” ಎಂದು ಹೆಂಡತಿ ಬೀದಿಗೆಲ್ಲ ಅಭಯ ಕೊಟ್ಟಿದ್ದಳು.

“ಕ್ಯಾಲೆಂಡರ್ ಯಾಕೆ ಬಿಡೇ, ನಾನೇ ಬಾಯಲ್ಲಿ ಹೇಳ್ತೀನಿ,” ಎಂದು ಮಾಸ್ತರರು ಗೋಗರೆದರು.

“ನಿಮ್ಮ ಬಾಯಾ? ಮಾಲೀಕರ ಮುಂದೆ ಅದು ಆಕಳಿಸೋಕೂ ತೆರೆಯಲ್ಲ.”

ವಿಚಾರಣೆಯ ದಿನ ಬಂತು. ಮೇಜಿನ ಆಚೆ ಅಧಿಕಾರಿಣಿ, ಮೂಗಿನ ತುದಿಯಲ್ಲಿ ಕನ್ನಡಕ. ಈಚೆ ಒಂದು ಕಡೆ ಮಾಲೀಕರು. ಇನ್ನೊಂದು ಕಡೆ ಮಾಸ್ತರರು, ಹೆಂಡತಿ ಮತ್ತು ಸುರುಳಿ ಸುತ್ತಿದ ಕ್ಯಾಲೆಂಡರು.

“ನಮ್ಮಲ್ಲಿ ಆರು ಗಂಟೆ ಆದ್ಮೇಲೆ ಸೂಜಿ ಕೂಡ ಅಲ್ಲಾಡಲ್ಲ ಮೇಡಂ,” ಎಂದ ಮಾಲೀಕರು ಹಾಜರಿ ಪುಸ್ತಕವನ್ನು ಮುಂದಿಟ್ಟರು. ಎರಡು ತಿಂಗಳ ಸಹಿಗಳೆಲ್ಲ ಒಂದೇ ಶಾಯಿಯಲ್ಲಿ, ಒಂದೇ ವಾಲಿಕೆಯಲ್ಲಿ, ಒಂದೇ ಉಸಿರಿನಲ್ಲಿ ಬರೆದಂತಿದ್ದವು.

ಹೆಂಡತಿ ಕ್ಯಾಲೆಂಡರನ್ನು ಮೇಜಿನ ಮೇಲೆ ಹರವಿದಳು. ಒಗ್ಗರಣೆಯ ಎಣ್ಣೆ ಸಿಡಿದ ಆ ಹಾಳೆಗಳನ್ನು ಅಧಿಕಾರಿಣಿ ಆಸಕ್ತಿಯಿಂದ ನೋಡತೊಡಗಿದರು. ಮಾಲೀಕರೂ ಬಗ್ಗಿದರು. ಬಗ್ಗಿದವರು ಹಿಗ್ಗಿದರು.

“ಮೇಡಂ, ಹದಿನಾಲ್ಕನೇ ತಾರೀಖು ನೋಡಿ! ಅವತ್ತು ಟ್ರಾನ್ಸ್‌ಫಾರ್ಮರ್ ಸುಟ್ಟು ಇಡೀ ಬೀದಿಗೆ ಕರೆಂಟಿಲ್ಲ. ಐದಕ್ಕೇ ಬೀಗ ಹಾಕಿದ್ವಿ. ಇಲ್ಲಿ ‘ಓ’, ಒಂಬತ್ತೂಕಾಲು! ಏನ್ ಮಾಸ್ತ್ರೇ, ಕತ್ತಲಲ್ಲಿ ತಡವರಿಸ್ಕೊಂಡು ಕತ್ತರಿಸಿದ್ರಾ?”

ಮಾಸ್ತರರು ಫ್ಯಾನನ್ನು ನೋಡಿದರು. ಅದು ತಿರುಗುತ್ತಿತ್ತು, ಅವರ ತಲೆಯೂ ತಿರುಗುತ್ತಿತ್ತು.

“ಒಂದು ಸುಳ್ಳಾದ್ರೆ ಉಳಿದದ್ದನ್ನ ನಾನು ಹೇಗಮ್ಮ ನಂಬಲಿ?” ಎಂದರು ಅಧಿಕಾರಿಣಿ. “ಅರ್ಜಿಯೇ ಬಿದ್ದುಹೋಗುತ್ತೆ.” ಅಷ್ಟರಲ್ಲಿ ಅವರ ಬೆರಳು ಆ ಚೌಕದ ಮೂಲೆಯಲ್ಲಿ ನಿಂತಿತು. “ಇದೇನಿದು, ಇರುವೆ ಗಾತ್ರದಲ್ಲಿ? ‘ಪೌ’? ಪಕ್ಕದಲ್ಲಿ ಪ್ರಶ್ನೆ ಚಿಹ್ನೆ?”

ಹೆಂಡತಿ ಸೆರಗು ಸರಿಮಾಡಿಕೊಂಡಳು. “ಅದು ಮನೆ ವಿಷಯ ಮೇಡಂ.”

“ಸಾಕ್ಷಿ ಅಂತ ಮೇಜಿಗೆ ಬಂದ್ಮೇಲೆ ಎಲ್ಲಾ ಸರ್ಕಾರದ ವಿಷಯವೇ.”

“ಪೌಡರು,” ಎಂದಳು ಹೆಂಡತಿ, ಗೋಡೆಯನ್ನು ನೋಡುತ್ತ. “ಓಟಿ ಮಾಡಿ ಬಂದ ದಿನ ಇವರ ಅಂಗಿ ತುಂಬ ಗುರುತು ಹಾಕೋ ನೀಲಿ ಸೀಮೆಸುಣ್ಣ ಇರ್ತಿತ್ತು. ಕೆಲವು ದಿನ ಸೀಮೆಸುಣ್ಣ ಇಲ್ಲ, ಕಾಲರ್ ತುಂಬ ಪೌಡರ್ ವಾಸನೆ. ಅಂಥ ದಿನ ‘ಪೌ’ ಅಂತ ಬರೆದಿಟ್ಟೆ. ಕೇಳೋಕೆ ಧೈರ್ಯ ಬರ್ಲಿಲ್ಲ. ಹತ್ತೊಂಬತ್ತಾಯ್ತು.”

ಮಾಲೀಕರು ಸಹ ಪರಸಂಸಾರದ ಮುಂದೆ ಕೆಮ್ಮಲು ಹಿಂಜರಿದರು.

ಹೆಂಡತಿಯ ಮೂಗಿನ ತುದಿ ಕೆಂಪಾದದ್ದನ್ನು ಮಾಸ್ತರರು ಕಂಡರು. ಇನ್ನು ತಡೆಯಲಾಗಲಿಲ್ಲ. “ಅಯ್ಯೋ ಮಾರಾಯ್ತಿ, ಅದು ಕ್ಷೌರದಂಗಡಿ ಪೌಡರ್ ಕಣೇ!” ಎಂದು ಕುರ್ಚಿ, ಟವೆಲ್ಲು, ನಿದ್ದೆ, ಗೊರಕೆ ಎಲ್ಲವನ್ನೂ ಒಪ್ಪಿಸಿಬಿಟ್ಟರು. “ನಂಗೆ ನಿದ್ದೆ ಹತ್ತಿದ್ಮೇಲೆ ಅವನು ಅಭ್ಯಾಸಬಲದಿಂದ ಕುತ್ತಿಗೆಗೆ ಪೌಡರ್ ಹಾಕ್ತಿದ್ದ! ಹತ್ತೊಂಬತ್ತು ದಿನ ಸುಳ್ಳು, ಇಪ್ಪತ್ತೆರಡು ದಿನ ಸತ್ಯ, ಮೇಡಂ.”

“ಮನೇಲಿ ಮಂಚ ಇರ್ಲಿಲ್ವಾ?” ಎಂದು ಹೆಂಡತಿ ಗುಡುಗಿದಳು. ಆದರೆ ಆ ಗುಡುಗಿನಲ್ಲಿ ಅರ್ಧ ನಿಟ್ಟುಸಿರು ಬೆರೆತಿತ್ತು.

“ಮಂಚದ ಮೇಲೆ ಎದುರುಮನೆಯವರ ಎಂಟು ಪರದೆ ಇದ್ವು!”

ಅಧಿಕಾರಿಣಿ ನಗು ನುಂಗಿ ಕನ್ನಡಕ ಏರಿಸಿಕೊಂಡರು. “ಗಂಡನ ವಿರುದ್ಧವೇ ಹತ್ತೊಂಬತ್ತು ಸಲ ಬರೆದಿಟ್ಟಿದಾರೆ. ಇದಕ್ಕಿಂತ ನಿಷ್ಪಕ್ಷಪಾತ ದಾಖಲೆ ಈ ಕಚೇರಿಗೆ ಬಂದಿಲ್ಲ. ‘ಪೌ’ ಇಲ್ಲದ ಇಪ್ಪತ್ತೆರಡು ‘ಓ’ಗಳಿಗೆ ದುಪ್ಪಟ್ಟು ಕೊಡಿ. ಇಲ್ಲಾಂದ್ರೆ ಈ ಪುಸ್ತಕದ ಸಹಿಗಳ ಬಗ್ಗೆ ಮಾತಾಡೋಣ.”

ಮಾಲೀಕರಿಗೆ ಸಹಿಗಳ ಬಗ್ಗೆ ಮಾತಾಡುವ ಉತ್ಸಾಹವಿರಲಿಲ್ಲ. ವಾರದೊಳಗೆ ದುಡ್ಡು ಕೊಟ್ಟರು. ಹೊಸ ಫ್ರಿಜ್ಜಿಗೆ ಸರಿಯಾಗುವಷ್ಟು, ಮೇಲೆ ಒಂದು ಐಸ್‌ಕ್ರೀಂ ಡಬ್ಬಿಗೂ ಮಿಗುವಷ್ಟು.

ಮರುದಿನ ಬೆಳಿಗ್ಗೆ ಮಾಸ್ತರರು ಬೀಗುತ್ತ ಚಹಾ ಹೀರುತ್ತಿದ್ದಾಗ ಕ್ಷೌರಿಕ ಗೆಳೆಯ ಬಾಗಿಲಲ್ಲಿ ಪ್ರತ್ಯಕ್ಷನಾದ. ಕೈಯಲ್ಲೊಂದು ಚೀಟಿ.

“ಗೆದ್ರಂತೆ, ಸಂತೋಷ. ಅತ್ತಿಗೆ, ನಂದೂ ಒಂದು ಸಣ್ಣ ಬಾಕಿ. ನಾನು ಏಳಕ್ಕೆ ಅಂಗಡಿ ಮುಚ್ಚೋನು. ಇವರು ಏಳೋವರೆಗೂ ದೀಪ ಹಚ್ಕೊಂಡು ಕಾದಿದೀನಿ. ನಿಗದಿತ ವೇಳೆ ಮೀರಿ. ದುಪ್ಪಟ್ಟು ಹಾಕಿದೀನಿ, ಪೌಡರ್ ಬೇರೆ.”

“ಏನೋ ಇದು! ಸ್ನೇಹ ಅಂತ ಮಲಗಿದ್ದಲ್ವಾ?” ಎಂದರು ಮಾಸ್ತರರು. “ಎಷ್ಟು ದಿನ ಅನ್ನೋದಕ್ಕೆ ಸಾಕ್ಷಿ ಎಲ್ಲಿದೆ, ತೋರ್ಸು!”

ಗೆಳೆಯ ಅಡುಗೆಮನೆಯ ಗೋಡೆಯತ್ತ ಬೆರಳು ತೋರಿಸಿದ.

ಹೆಂಡತಿ ಎದ್ದು ಹೋಗಿ ಹತ್ತೊಂಬತ್ತು ‘ಪೌ’ಗಳನ್ನು ಒಂದೊಂದಾಗಿ ಎಣಿಸಿದಳು. ತನ್ನ ಕೈಬರಹವನ್ನು ತಾನೇ ಅಲ್ಲಗಳೆಯುವ ಹೆಂಗಸಲ್ಲ ಅವಳು. ದುಡ್ಡು ಎಣಿಸಿ ಕೊಟ್ಟಳು. ಐಸ್‌ಕ್ರೀಂ ಡಬ್ಬಿ ಹೋಯಿತು, ಅದರ ಹಿಂದೆಯೇ ಫ್ರಿಜ್ಜಿನ ಬಾಗಿಲಷ್ಟು ದುಡ್ಡೂ ಹೋಯಿತು.

“ಈಗ ಬಾಗಿಲಿಲ್ಲದ ಫ್ರಿಜ್ಜು ತರೋದಾ?” ಎಂದರು ಮಾಸ್ತರರು ದೀನರಾಗಿ.

“ಯಾಕೆ? ಇವತ್ತಿಂದ ಬೀದಿಯೋರಿಗೆ ಪುಕ್ಕಟೆ ಹೊಲಿಗೆ ಬಂದ್,” ಎಂದಳು ಹೆಂಡತಿ.

ಮಾಸ್ತರರ ಮುಖ ಅರಳಿತು. ಜೀವಮಾನದಲ್ಲಿ ಇಷ್ಟು ಸುಂದರವಾದ ವಾಕ್ಯವನ್ನು ಅವರು ಕೇಳಿರಲಿಲ್ಲ.

“ಆರರ ಮೇಲೆ ಹೊಲಿದ್ರೆ ಎಲ್ರೂ ದುಪ್ಪಟ್ಟು ಕೊಡಬೇಕು ಅಂತ ನಿನ್ನೇನೇ ಹೇಳಿ ಬಂದಿದೀನಿ. ಒಪ್ಕೊಂಡಿದಾರೆ.” ಅವಳು ಪೆನ್ಸಿಲ್ ತೆಗೆದುಕೊಂಡು ಮುಂದಿನ ತಿಂಗಳ ಹಾಳೆ ತಿರುವಿದಳು. ಒಂದನೇ ತಾರೀಖಿನಿಂದ ಮೂವತ್ತರವರೆಗೆ, ಒಂದೂ ಬಿಡದೆ, ದುಂಡಗೆ ಮೂವತ್ತು ‘ಓ’ ಬರೆದಳು.

‘ಪೌ’ಗೆ ಮೂಲೆಯಲ್ಲೂ ಜಾಗ ಬಿಡಲಿಲ್ಲ.