ಬ್ಯಾಡಗಿ ಹುಡುಗಿಯೂ ನನ್ನ ಅಲಂಕಾರ ಪಾಠವೂ

ಅಲಂಕಾರ ಕಲಿಸುವವರಿಗೆ ಎಲ್ಲ ಊರಲ್ಲೂ ಹೀಗೇ ಆಗುತ್ತದೆಯೋ, ಬ್ಯಾಡಗಿಯಲ್ಲಿ ಮಾತ್ರವೋ ನನಗೆ ತಿಳಿಯದು. ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಮುಖ್ಯಾಧ್ಯಾಪಕಿಯಾಗಿದ್ದಷ್ಟು ಕಾಲ ಇಂಥದು ಒಂದಿಲ್ಲೊಂದು ನಡೆಯುತ್ತಲೇ ಇತ್ತು. ನಾನು ಕಾನ್ವೆಂಟಿನಲ್ಲಿ ಓದಿದವಳು. ಬೆನ್ನು ನೆಟ್ಟಗಿರಬೇಕು, ಅಕ್ಷರ ದುಂಡಗಿರಬೇಕು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಎಂದು ಸಿಸ್ಟರುಗಳು ಕಲಿಸಿದ್ದರು. ಉಪಮೆ, ರೂಪಕಗಳು ಪದ್ಯದೊಳಗೆ ಇರತಕ್ಕವು. ಮನೆಯಲ್ಲಿ, ಅಂಗಡಿಯಲ್ಲಿ ಅವಕ್ಕೇನು ಕೆಲಸ ಎಂಬುದು ನನ್ನ ಮತವಾಗಿತ್ತು. ಈಗಲೂ ಬಹುಮಟ್ಟಿಗೆ ಅದೇ ಮತ.

೧. ಮಾದರಿ

ಮಹಾಯುದ್ಧದ ದಿನಗಳು. ಕಾಗದ ಸಿಗದೆ ಏಳನೆಯ ಇಯತ್ತೆಯ ದೊಡ್ಡ ಹುಡುಗಿಯರೂ ಪಾಟಿಯ ಮೇಲೆ ಬರೆಯುತ್ತಿದ್ದರು. ಅವರಲ್ಲಿ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮಗಳಿದ್ದಳು. ಆಕೆಗೆ ಶಾಲೆಯ ಅಕ್ಕೋರು ಆಗುವ ಆಸೆ. ಏಳನೆಯ ಇಯತ್ತೆಯ ಕೊನೆಗೆ ಬರುವ ಸರಕಾರದ ಮುಲ್ಕಿ ಪರೀಕ್ಷೆ ಪಾಸಾದರೆ ಧಾರವಾಡದ ಟ್ರೇನಿಂಗ್ ಕಾಲೇಜು, ನಪಾಸಾದರೆ ರಾಣೆಬೆನ್ನೂರಿನ ವರ ಎಂದು ತಂದೆ ಹೇಳಿಬಿಟ್ಟಿದ್ದರು. ವರನ ಕಡೆಯವರು ಒಪ್ಪಿ ಕಾಯುತ್ತಿದ್ದರು. ಹುಡುಗಿ ಲೆಕ್ಕದಲ್ಲಿ ಜಾಣೆ, ಭೂಗೋಳದಲ್ಲಿ ಜಾಣೆ. ತೊಡಕು ಒಂದೇ. ಅಲಂಕಾರ ಗುರುತಿಸುವುದು ಮಾತ್ರ ಆಕೆಗೆ ಬರುತ್ತಿರಲಿಲ್ಲ.

‘ರಾಣಿಯ ಮುಖ ಚಂದ್ರನಂತೆ ಇತ್ತು’ ಎಂದು ಹಲಗೆಯ ಮೇಲೆ ಬರೆದು, ಇದರಲ್ಲಿ ಯಾವ ಅಲಂಕಾರವಿದೆ ಎಂದು ಕೇಳಿದೆ. ಆಕೆ ಎದ್ದು ನಿಂತು ಬಹಳ ಹೊತ್ತು ಹಲಗೆ ನೋಡಿದಳು.

“ಅಕ್ಕೋರ, ಯಾವ ದಿವಸದ ಚಂದ್ರರಿ?”

ಯಾವ ದಿವಸದ್ದಾದರೇನು ಎಂದೆ.

“ಹಂಗ ಹೆಂಗ್ರಿ? ಚೌತಿದಾದ್ರ ಬ್ಯಾರೆ, ಹುಣ್ಣಿವಿದಾದ್ರ ಬ್ಯಾರೆ. ಮಾದರಿ ನೋಡದ ನಮ್ಮಪ್ಪ ಚೀಲಕ್ಕ ಕೈ ಹಚ್ಚೂದಿಲ್ರಿ.”

ಅವರ ಅಂಗಡಿಯಲ್ಲಿ ಚೀಲದಿಂದ ಒಂದು ಹಿಡಿ ಕಾಯಿ ತೆಗೆದು, ಮುರಿದು, ಮೂಸಿ, ಬಿಸಿಲಿಗೆ ಹಿಡಿದು ನೋಡಿದ ಮೇಲೆಯೇ ಮಾತು. ಸರಿ, ‘ಹುಣ್ಣಿಮೆಯ ಚಂದ್ರನಂತೆ’ ಎಂದು ತಿದ್ದಿದೆ. ಆಕೆ ಇನ್ನೂ ಸ್ವಲ್ಪ ಯೋಚನೆ ಮಾಡಿ, ರಾಣಿಗೆ ಹಿಂದೊಮ್ಮೆ ಸಿಡುಬು ಆಗಿತ್ತೇನು ಎಂದು ವಿಚಾರಿಸಿದಳು.

೨. ಹತ್ತಕ್ಕೆ ಹತ್ತು

ಮೂರು ತಿಂಗಳು ಹೀಗೇ ಹೋಯಿತು. ಒಂದು ದಿನ ಮಧ್ಯಾಹ್ನ ನನ್ನ ಸಹನೆ ಮುಗಿಯಿತು. ಕಡ್ಡಿಯಿಂದ ಮೇಜನ್ನು ಕುಟ್ಟಿ, “ನಿಮ್ಮೆಲ್ಲರ ತಲೆ ಕರಿಕಲ್ಲು” ಎಂದುಬಿಟ್ಟೆ. ಕಾನ್ವೆಂಟಿನಲ್ಲಿ ಕಲಿತವಳು ಆಡುವ ಮಾತಲ್ಲ, ಒಪ್ಪುತ್ತೇನೆ.

ವ್ಯಾಪಾರಿಯ ಮಗಳು ಮೆಲ್ಲಗೆ ಕೈ ಎತ್ತಿದಳು.

“ತಲಿ ಉಪಮೇಯ, ಕಲ್ಲು ಉಪಮಾನ. ಕಲ್ಲಿನಂಗ ಅನ್ನಲಿಲ್ಲ ನೀವು, ಎರಡೂ ಒಂದ ಅಂದ್ರಿ. ಇದು ರೂಪಕ ಹೌದಲ್ರಿ, ಅಕ್ಕೋರ?”

ಉತ್ತರದಲ್ಲಿ ಒಂದೂ ತಪ್ಪಿರಲಿಲ್ಲ. ಶಿಸ್ತು ಬೇರೆ, ನ್ಯಾಯ ಬೇರೆ. ಪಾಟಿಯ ಮೇಲೆ ಹತ್ತಕ್ಕೆ ಹತ್ತು ಗುಣ ಹಾಕಿ ಸಹಿ ಮಾಡಿದೆ. ಆಮೇಲೆ ಬೆಂಚಿನ ಮೇಲೆ ನಿಲ್ಲಿಸಿದೆ.

೩. ಕೆರೆ ಕೆಂಪಾದದ್ದು

ಅಂದಿನಿಂದ ಆಕೆಯನ್ನು ಹಿಡಿಯುವವರೇ ಇಲ್ಲವಾಯಿತು. ಪುಸ್ತಕದ ಪದ್ಯ ಕೊಟ್ಟರೆ ಈಗಲೂ ಬಾಯಿ ಬಿಡುತ್ತಿರಲಿಲ್ಲ. ಜನ ಮಾತಾಡಿದರೆ ಸಾಕು, ಥಟ್ಟನೆ ಗುರುತಿಸುತ್ತಿದ್ದಳು. ‘ಸಾವಿರ ಸಲ ಹೇಳೇನಿ’ ಎಂದು ತಾಯಿ ಬೈದರೆ, ಇದು ಅತಿಶಯೋಕ್ತಿ, ನೀ ಹೇಳಿದ್ದು ನಾಲ್ಕು ಸಲ ಎಂದು ತಿಳಿಸುತ್ತಿದ್ದಳಂತೆ.

ಒಂದು ದಿನ ಹುಬ್ಬಳ್ಳಿಯಿಂದ ಒಬ್ಬ ಖರೀದಿದಾರ ಬಂದಿದ್ದ. ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣದ್ದೇ ಹೆಸರು. ತಂದೆ ಒಂದು ಕಾಯಿ ಎತ್ತಿ ಹಿಡಿದು, ಇದೊಂದನ್ನು ನೀರಿಗೆ ಎಸೆದರೆ ಇಡೀ ಕೆರೆ ಕೆಂಪಾಗುತ್ತದೆ ಎಂದರು. ಒಳಗಿನ ಬಾಗಿಲಿನಿಂದ “ಅತಿಶಯೋಕ್ತಿ” ಎಂಬ ಧ್ವನಿ ಬಂತು. ಹಾಗಾದರೆ ನಿಜವಾಗಿ ಎಷ್ಟು ನೀರು ಕೆಂಪಾಗುತ್ತದಮ್ಮ ಎಂದು ಖರೀದಿದಾರ ಕೇಳಿದ. ಆಕೆ ಒಂದು ತಂಬಿಗೆ ಎಂದಳು.

ನಾಲ್ಕು ದಿನ ಬಿಟ್ಟು ಒಂದು ಬೆಳಿಗ್ಗೆ ತಂದೆ ರುಮಾಲು ಸುತ್ತಿಕೊಂಡು ಶಾಲೆಗೆ ಬಂದರು. ನಾನು ಕುರ್ಚಿ ತೋರಿಸಿದೆ. ಅವರು ಕೂಡಲಿಲ್ಲ.

“ಅಕ್ಕೋರ, ನಿಮ್ಮ ವಿದ್ಯಾ ಛಲೋ ಐತ್ರಿ. ಇಲ್ಲ ಅನ್ನೂದಿಲ್ಲ. ಆದ್ರ ಅದನ್ನ ಸಾಲ್ಯಾಗ ಇಟಗೋರಿ.”

ವ್ಯಾಪಾರ ಮುರಿಯಿತೇನು ಎಂದು ಕೇಳಿದೆ. ಇಲ್ಲ, ಅಂಗಡಿಯಲ್ಲಿ ಇದ್ದಷ್ಟೂ ಚೀಲ ಎತ್ತಿಕೊಂಡು ಹೋದ ಎಂದರು. ಮತ್ತೆ ತೊಂದರೆ ಏನು ಎಂದೆ.

“ಅದರಿ ತೊಂದರಿ. ಈಗ ಬಂದಾವ್ರೆಲ್ಲ ನನ್ನ ಬಿಟ್ಟು ಮಗಳನ್ನ ಕೇಳಾಕತ್ತಾರ.”

ಬಾಗಿಲ ತನಕ ಹೋಗಿ ತಿರುಗಿ ನಿಂತರು. ಈ ಸಲ ನಪಾಸಾದರೆ ಮುಂದಿನ ವರ್ಷದ ಮಾತು ಎತ್ತಬಾರದು, ರಾಣೆಬೆನ್ನೂರಿನವರು ಎರಡು ಸಲ ಹೇಳಿ ಕಳಿಸಿದ್ದಾರೆ ಎಂದರು. ಎರಡೇ ಸಲವೆಂದು ಹೇಳಿದ್ದರಿಂದ ನಾನು ನಂಬಿದೆ.

೪. ಹಾವೇರಿಯ ಪರೀಕ್ಷೆ

ಪರೀಕ್ಷೆ ಹಾವೇರಿಯಲ್ಲಿ. ಬರಹದ ಪತ್ರಿಕೆಗಳೆಲ್ಲ ನೆಟ್ಟಗೆ ಮುಗಿದವು. ಕೊನೆಯ ದಿನ ಕನ್ನಡದ ಬಾಯಿಪರೀಕ್ಷೆ ಇತ್ತು. ತಂದೆ ಪೇಟೆ ಬಿಟ್ಟು ಬರುವಂತಿರಲಿಲ್ಲ, ತಾಯಿ ಬಂದಿದ್ದರು. ಹಿಂದಿನ ದಿನವೇ ಕದರಮಂಡಲಗಿಗೆ ಹೋಗಿ ಹನುಮಪ್ಪನಿಗೆ ಕಾಯಿ ಒಡೆಸಿದ್ದರು. ನಾವಿಬ್ಬರೂ ಬಾಗಿಲಲ್ಲಿ ನಿಂತೆವು.

ಪರೀಕ್ಷಕರು ವಯಸ್ಸಾದವರು, ಸೌಮ್ಯವಾಗಿದ್ದರು. ಒಂದು ಪದ್ಯ ಓದಿ, ಅಲಂಕಾರ ಯಾವುದು ಎಂದರು. ಇನ್ನೊಂದು ಓದಿದರು. ಮೂರನೆಯದನ್ನೂ ಓದಿದರು. ಹುಡುಗಿ ನೆಲ ನೋಡುತ್ತಲೇ ನಿಂತಿದ್ದಳು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ಆದರೆ ನಿಯಮ ನಿಯಮವೇ. ನಾನು ಸೆರಗಿನೊಳಗೆ ಕೈ ಹಿಸುಕಿಕೊಂಡು ನೆಟ್ಟಗೆ ನಿಂತೆ. ಪರೀಕ್ಷಕರು ನಿಟ್ಟುಸಿರು ಬಿಟ್ಟು ಏನೋ ಬರೆದರು. ಅದು ಸೊನ್ನೆ ಎಂದು ದೂರದಿಂದಲೇ ಕಂಡಿತು.

ಇನ್ನು ತಂದೆಯ ಹೆಸರು ಬರೆದುಕೊಂಡು ಮುಗಿಸೋಣ ಎಂದು ಅವರು ತಾಯಿಯನ್ನು ಕರೆದರು. ಮಗಳು ಹೇಳಲು ಹೋದಾಗ ತಡೆದು, ಪಾಲಕರೇ ಹೇಳಬೇಕು ಎಂದರು.

ನಮ್ಮ ಕಡೆಗೆ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬರಿದಾಗಿ ಹೇಳುವುದಿಲ್ಲ. ಹೇಳಲೇಬೇಕಾಗಿ ಬಂದರೆ ಪದ್ಯದಂಥ ಒಂದು ಒಡಪು ಕಟ್ಟಿ, ಅದರ ಕೊನೆಗೆ ಹೆಸರು ಸೇರಿಸುತ್ತಾರೆ. ಆ ತಾಯಿ ಸೆರಗು ಸರಿಪಡಿಸಿಕೊಂಡು, ಸರಕಾರದ ಮೇಜಿನ ಮುಂದೆ, ಬೀಗರ ಮನೆಯಲ್ಲಿ ನಿಂತ ಹಾಗೆಯೇ ಶುರುಮಾಡಿದರು.

“ಅಂಗಳದಾಗ ಮಾಣಿಕದಂಗ ಹೊಳಿಯತಾವ ಮೆಣಸಿನಕಾಯಿ—”

“ಉಪಮೆ” ಎಂದಳು ಮಗಳು, ತಲೆ ಎತ್ತದೆ.

“ನಮ್ಮನಿ ಚಂದ್ರಾಮ ಅವರು, ಒಮ್ಮೆ ತೆರದರ ಬಾಯಿ—”

“ರೂಪಕ.”

“ಉದುರತಾವ ನೋಡ್ರಿ ಮುತ್ತು ಮೂರು ಸೇರು—”

“ಅತಿಶಯೋಕ್ತಿ.”

ಪರೀಕ್ಷಕರ ಲೇಖನಿಯ ಟಾಕು ನಿಂತಿತು. ತಾಯಿ ಹೆಸರು ಹೇಳಿ ಮುಗಿಸಿದರು, ಅವರು ಬರೆದುಕೊಳ್ಳಲಿಲ್ಲ. ಇನ್ನೊಮ್ಮೆ ಹೇಳಿಸಿದರು. ಪ್ರತಿಯೊಂದಕ್ಕೂ ಕಾರಣ ಕೇಳಿದರು. ಹುಡುಗಿ ಈಗ ತಲೆ ಎತ್ತಿ, ನಾನು ಕಲಿಸಿದ ಕ್ರಮದಲ್ಲೇ ಒಂದೂ ಬಿಡದೆ ಹೇಳಿದಳು. ಅವರು ಸೊನ್ನೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಬೇರೆ ಗುಣ ಬರೆದು, “ಧಾರವಾಡಕ್ಕ ಹೋಗುವಂತಿ ತಂಗಿ” ಎಂದರು. ನನ್ನ ಕಣ್ಣು ಒದ್ದೆಯಾಗಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ತಾಯಿ ಮಾತ್ರ ಅಲ್ಲಿಂದ ಅಲುಗಲಿಲ್ಲ. ಮಗಳು ಮೂರನೆಯದಕ್ಕೆ ಏನಂದಳು, ಅದರ ಅರ್ಥವೇನು ಎಂದು ಕೇಳಿದರು. ಇದ್ದದ್ದಕ್ಕಿಂತ ಹೆಚ್ಚು ಮಾಡಿ ಹೇಳುವುದು ಎಂದು ಪರೀಕ್ಷಕರು ವಿವರಿಸಿದರು. ಆಕೆಯ ಮುಖ ಬಿಗಿಯಿತು. ಒಮ್ಮೆ ಮಗಳನ್ನು, ಒಮ್ಮೆ ಪರೀಕ್ಷಕರನ್ನು ನೋಡಿ, ಮೇಜಿನ ಮೇಲೆ ಕೈಯೂರಿ ಹೇಳಿದರು:

“ಆತು ಬಿಡ್ರಿ ಸಾಹೇಬ್ರ, ನಿಮ್ಮ ಮಾತಿಗೆ ಅರ್ಧ ಸೇರು ಬಿಡತೇನಿ. ಎರಡೂವರಿ ಬರಕೋರಿ. ಅದಕ್ಕಿಂತ ಕೆಳಗ ಇಳಿಯೂದಿಲ್ಲ.”